ಬೆಂಗ್ರೆಯ ಬಲೆಯೂ ನನ್ನ ಮೈನರ್ ವಿಷಯವೂ

ಡಿಸೆಂಬರ್ ರಜೆ ಶುರುವಾದ ಮರುದಿನ, ಮಂಜು ಇನ್ನೂ ಬಿಟ್ಟಿರದ ಹೊತ್ತಿನಲ್ಲಿ, ನಾನೂ ನನ್ನ ಸಹಪಾಠಿ ಸಂಜೀವನೂ ಮೈಸೂರಿನಲ್ಲಿ ಮಂಗಳೂರಿನ ಬಸ್ಸು ಹತ್ತಿದೆವು. ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಕಟ್ಟಿದ್ದ ದೊಡ್ಡ ಕಬ್ಬಿಣದ ಒಲೆಗೆ ಕ್ಲೀನರ್ ಇದ್ದಲು ತುಂಬಿದ, ಗಾಳಿಚಕ್ರ ತಿರುಗಿಸಿದ, ಕೆಮ್ಮಿದ, ಒಲೆಯನ್ನೂ ಸರ್ಕಾರವನ್ನೂ ಒಟ್ಟಿಗೇ ಬೈದ. ಆರು ಗಂಟೆಯ ಬಸ್ಸು ಏಳಕ್ಕೆ ಹೊರಟಿತು. ಟಿಕೆಟ್ಟಿಗೆ ಏಳು ರೂಪಾಯಿ. ಆ ದುಡ್ಡಿಗೆ ಅರ್ಧ ದಾರಿ ನಡೆದೇ ಹೋಗಬೇಕಾಗುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ.

ನಾನು ಹೊರಟದ್ದು ಊರು ನೋಡುವ ಆಸೆಯಿಂದಲ್ಲ, ಇತಿಹಾಸದಲ್ಲಿ ಪಾಸಾಗಬೇಕೆಂದು. ಬಿ.ಎ.ಯಲ್ಲಿ ನನ್ನ ಮೇಜರ್ ವಿಷಯ ಗಣಿತ. ಮೈನರ್ ಆಗಿ ಏನಾದರೊಂದನ್ನು ತೆಗೆದುಕೊಳ್ಳಲೇಬೇಕಿತ್ತು. ಇತಿಹಾಸವೆಂದರೆ ನಾಲ್ಕು ಇಸವಿ ಬಾಯಿಪಾಠ ಮಾಡಿದರೆ ಮುಗಿಯಿತೆಂದುಕೊಂಡು ಅದಕ್ಕೆ ಹೆಸರು ಕೊಟ್ಟೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದು ಸಾಮ್ರಾಜ್ಯದ ಪತನವನ್ನು ಹನ್ನೆರಡು ಸಾಲಿನಲ್ಲಿ, 'ಆದ್ದರಿಂದ' 'ಆದ್ದರಿಂದ' ಎಂದು ರೇಖಾಗಣಿತದ ಪ್ರಮೇಯದ ಹಾಗೆ ಸಾಧಿಸಿ ತೋರಿಸಿದ್ದೆ. ಇತಿಹಾಸದ ಮೇಷ್ಟ್ರು ನನ್ನನ್ನು ಕೋಣೆಗೆ ಕರೆದು ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟರು.

"ರಜೆಯಲ್ಲಿ ಎಲ್ಲಿಗಾದರೂ ಹೋಗು. ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ಹುಡುಕಿ ಬರೆದು ತಾ. ಶಾಸನಗೀಸನ ಬೇಡ, ಅವೆಲ್ಲ ಅಚ್ಚಾಗಿವೆ. ಎಂದಿನಿಂದ, ಎಂದಿನವರೆಗೆ, ಈ ಎರಡು ಪ್ರಶ್ನೆ ಕೇಳದೆ ವಾಪಸು ಬರಬೇಡ. ಪ್ರಬಂಧ ಸರಿಯಿಲ್ಲದಿದ್ದರೆ ಮೈನರ್ ಪರೀಕ್ಷೆಗೆ ನಾನು ಬಿಡೋದಿಲ್ಲ. ಗಣಿತದಲ್ಲಿ ನೂರಕ್ಕೆ ನೂರು ಬಂದರೂ ಡಿಗ್ರಿ ಸಿಗೋದಿಲ್ಲ, ತಿಳೀತೆ?"

ತಿಳಿಯಿತು. ಅಂದು ಸಂಜೆ ಸಂಜೀವನ ಹಾಸ್ಟೆಲ್ ಕೋಣೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅವನು ನಕ್ಕ. ಅವನು ಮಂಗಳೂರಿನ ಮಣ್ಣಗುಡ್ಡದವನು. "ಎಂತ ಮಾರಾಯ, ಇಷ್ಟಕ್ಕೆ ಅಳ್ತೀಯಾ? ನಮ್ಮ ಬೆಂಗ್ರೆಗೆ ಬಾ. ಅಲ್ಲಿ ರಾಂಪಣಿ ಅಂತ ಬಲೆ ಉಂಟು. ನೂರು ಜನ ಸೇರಿ ಎಳೆಯುವ ಬಲೆ. ಎಳೆದವರಿಗೆಲ್ಲ ಪಾಲು. ದೋಣಿಗೆ ಪಾಲು, ದೇವರಿಗೆ ಪಾಲು. ನಿನ್ನ ಭಿನ್ನರಾಶಿ ಎಲ್ಲ ಅಲ್ಲಿ ಉಂಟು," ಎಂದ. ಭಿನ್ನರಾಶಿ ಎಂದೊಡನೆ ನನಗೆ ಜೀವ ಬಂತು.

ಮನೆಯಲ್ಲಿ ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ನಮ್ಮದು ಮಡಿಯ ಮನೆ. ಸಮುದ್ರದ ಕಡೆಯ ಊರೆಂದರೆ ಅಜ್ಜಿಗೆ ಬರೀ ಮೀನಿನ ವಾಸನೆ. ಕೊನೆಗೆ ಅಪ್ಪ ಬಸ್ಸಿನ ದುಡ್ಡು ಕೊಟ್ಟದ್ದು ನಾನು ಅಜ್ಜಿಯ ಮುಂದೆ ಮಾತು ಕೊಟ್ಟ ಮೇಲೆಯೇ. ಸಂಜೀವನ ಮನೆಯಲ್ಲಿ ಮಲಗಬಹುದು, ಊಟ ಮಾತ್ರ ಬ್ರಾಹ್ಮಣರ ಹೋಟೆಲಿನಲ್ಲಿ. ಬೇರೆ ಎಲ್ಲೂ ಒಂದು ಅಗುಳೂ ಬಾಯಿಗೆ ಹಾಕಕೂಡದು. ಆ ವಯಸ್ಸಿನಲ್ಲಿ ಇಂಥ ಮಾತು ಕೊಡುವುದು ನನಗೆ ದೊಡ್ಡದೆನಿಸಲಿಲ್ಲ.

ಕೊಡಗಿನ ಗಡಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಎಲ್ಲರ ಗಂಟುಮೂಟೆಗೂ ಕಬ್ಬಿಣದ ಸಲಾಕೆ ಚುಚ್ಚಿ ನೋಡಿದರು. ಒಂದು ಸೀಮೆಯ ಅಕ್ಕಿ ಇನ್ನೊಂದು ಸೀಮೆಗೆ ದಾಟಬಾರದೆಂಬ ಕಾನೂನು. ನನ್ನ ಹಾಸಿಗೆಯ ಸುರುಳಿಯಲ್ಲಿ ಅಜ್ಜಿ ಕಟ್ಟಿಕೊಟ್ಟ ಹುರಿಹಿಟ್ಟು ಸಿಕ್ಕಿ, ಅದನ್ನು ಒಬ್ಬ ಪೊಲೀಸು ಮೂಸಿ ನೋಡಿ ಮೂಗು ಮುರಿದು ಹಿಂದಕ್ಕೆ ಕೊಟ್ಟ. ಆಮೇಲೆ ಏರು ಶುರುವಾಯಿತು. ಒಂದೊಂದು ತಿರುವಿನಲ್ಲೂ ಬಸ್ಸು ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. ಗಂಡಸರೆಲ್ಲ ಇಳಿದು ತಳ್ಳುವುದು, ಅದು ಹೊರಟ ಮೇಲೆ ಹಿಂದೆ ಓಡುವುದು. ಮಡಿಕೇರಿ ತಲುಪಿದಾಗ ಕತ್ತಲಾಗಿತ್ತು, ಮುಖವೆಲ್ಲ ಮಸಿಯಾಗಿತ್ತು. ಚಳಿಯಲ್ಲಿ ಬ್ರಾಹ್ಮಣರ ಹೋಟೆಲಿನ ಬಿಸಿ ಸಾರು ಕುಡಿದು ಬೆಂಚುಗಳ ಮೇಲೆ ಮಲಗಿದೆವು.

ಮರುದಿನ ಸಂಪಾಜೆಯ ಘಾಟಿ ಇಳಿಯುವಾಗ ಬಸ್ಸಿಗೆ ಹುರುಪು ಬಂತು. ಸುಳ್ಯ, ಪುತ್ತೂರು ಕಳೆದಂತೆ ಚಳಿ ಹೋಗಿ ಬೆವರು ಬಂತು, ಕೋಟು ಬಿಚ್ಚಿದೆ. ಪಾಣೆಮಂಗಳೂರಿನ ಸೇತುವೆಯ ಮೇಲೆ ನೇತ್ರಾವತಿಯನ್ನು ಕಂಡಾಗ ಸಂಜೀವ ಸೀಟಿನಲ್ಲಿ ನೆಟ್ಟಗೆ ಕೂತ. ಅಲ್ಲಿಂದ ಮುಂದೆ ಅವನು ನನ್ನೊಡನೆ ಕನ್ನಡದಲ್ಲಿ ಶುರುಮಾಡಿದ ಮಾತೆಲ್ಲ ಅರ್ಧಕ್ಕೆ ತುಳುವಾಗಿ, ಪಕ್ಕದ ಸೀಟಿನವರ ಜೊತೆ ಮುಗಿಯುತ್ತಿತ್ತು. ಸಂಜೆ ಮಂಗಳೂರು ಸೇರಿದೆವು. ವಿಮಾನದಾಳಿಯ ಹೆದರಿಕೆಗೆ ಬೀದಿದೀಪಗಳಿಗೆಲ್ಲ ಕಪ್ಪು ಟೊಪ್ಪಿಗೆ ಹಾಕಿದ್ದರು.

ಸಂಜೀವನ ಮನೆಯಲ್ಲಿ ಅವನ ತಾಯಿ ನನಗೆ ಚಾಪೆ, ದಿಂಬು, ಬಿಸಿನೀರು ಎಲ್ಲ ಕೊಟ್ಟು, ಊಟದ ಹೊತ್ತಿಗೆ ತಾವೇ ಹೇಳಿದರು: "ನಮ್ಮಲ್ಲಿ ಊಟ ಮಾಡಿ ಅಂತ ನಾನು ಒತ್ತಾಯ ಮಾಡುವುದಿಲ್ಲ. ರಥಬೀದಿಯಲ್ಲಿ ಭಟ್ರ ಹೋಟೆಲ್ ಉಂಟು. ಸಂಜೀವ ತೋರಿಸ್ತಾನೆ." ಅವರಿಗೆ ಬೇಸರವಾಗಿತ್ತೋ ಇಲ್ಲವೋ ತಿಳಿಯಲಿಲ್ಲ. ನನಗಂತೂ ಮುಜುಗರವಾಯಿತು. ಹೋಟೆಲಿನಲ್ಲಿ ಕುಚ್ಚಲಕ್ಕಿಯ ಅನ್ನ. ರೇಷನ್ನಿನ ಕಾಲವಾದ್ದರಿಂದ ಎರಡನೆಯ ಸಲ ಬಡಿಸುವುದಿಲ್ಲವೆಂದು ಗೋಡೆಯ ಮೇಲೆ ಬರೆದಿತ್ತು.

ಮರುದಿನ ಬೆಳಿಗ್ಗೆ ಅಜ್ಜಿಯ ಸಮಾಧಾನಕ್ಕೆಂದು ಕದ್ರಿಗೆ ಹೋಗಿ ಗುಡ್ಡದ ಮೇಲಿನ ಕೆರೆಯಲ್ಲಿ ಮುಳುಗು ಹಾಕಿ, ದೇವರಿಗೆ ಕೈಮುಗಿದು ಬಂದೆ. ಮಧ್ಯಾಹ್ನ ಬಂದರಿಗೆ ಹೋದೆವು. ಹಂಚು ತುಂಬಿದ ಮಂಜಿಗಳು, ಅಂದರೆ ಹಾಯಿಹಡಗುಗಳು, ಒತ್ತೊತ್ತಾಗಿ ನಿಂತಿದ್ದವು. ಅಲ್ಲಿಂದ ಕಡವಿನ ದೋಣಿಯಲ್ಲಿ ಹೊಳೆ ದಾಟಿದರೆ ಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ತೆಂಗು ನೆಟ್ಟ ಮರಳಿನ ಪಟ್ಟಿ. ಮೊಗವೀರರ ಮನೆಗಳು. ದೋಣಿ ಇಳಿದು ನೂರು ಹೆಜ್ಜೆ ನಡೆಯುವಷ್ಟರಲ್ಲಿ ನನ್ನ ಬೂಟಿನ ತುಂಬ ಮರಳು. ಬೂಟು ಕೈಯಲ್ಲಿ ಹಿಡಿದುಕೊಂಡೇ ಇತಿಹಾಸ ಸಂಶೋಧನೆಗೆ ಕಾಲಿಟ್ಟೆ.

ಬಲೆಯ ಯಜಮಾನಿಕೆ ಲಿಂಗಪ್ಪ ಗುರಿಕಾರರದು. ಗುರಿಕಾರನೆಂದರೆ ಆ ಪಟ್ಟಣದ, ಅಂದರೆ ಅಲ್ಲಿನ ಮೀನುಗಾರರ ಕೇರಿಯ, ಹಿರಿಯ. ಎಪ್ಪತ್ತರ ಹತ್ತಿರದ ವಯಸ್ಸು, ಹೆಗಲ ಮೇಲೊಂದು ಕೆಂಪು ವಸ್ತ್ರ. ಅವರ ಮನೆಮಾತು ತುಳು. ಕನ್ನಡವನ್ನು ಯಕ್ಷಗಾನ ನೋಡಿ ನೋಡಿ ಕಲಿತಿದ್ದರು. ಹಾಗಾಗಿ ಅವರು ಮಾತಾಡಿದಾಗಲೆಲ್ಲ ನಾನೇ ಯಾವುದೋ ಒಡ್ಡೋಲಗದಲ್ಲಿ ನಿಂತಂತಾಗುತ್ತಿತ್ತು.

"ಬಂದವರು ಯಾರು, ಬಂದ ಕಾರಣವೇನು?" ಎಂದರು.

ಸಂಜೀವ ವಿವರಿಸಿದ. ನಾನು ನನ್ನ ಮೊದಲ ಪ್ರಶ್ನೆ ಕೇಳಿದೆ: ಈ ಬಲೆ ಎಂದಿನಿಂದ ಇದೆ?

ಗುರಿಕಾರರು ಒಣಗಲು ಹರಡಿದ್ದ ಬಲೆಯ ಕಡೆ ತಿರುಗಿದರು. ಅದರ ತುದಿ ನನಗೆ ಕಾಣಿಸಲಿಲ್ಲ. "ಯಾವ ತುಂಡಿನ ಲೆಕ್ಕ ಬೇಕು, ಭಟ್ರೇ? ಪ್ರತಿ ಮನೆಯವರೂ ಒಂದೊಂದು ತುಂಡು ಹೆಣೆದು ತರಬೇಕು. ಎಲ್ಲ ಸೇರಿಸಿ ಹೊಲಿದರೆ ಇದು ಬಲೆ. ಆ ತುಂಡು ಮೊನ್ನೆ ಮಳೆಗಾಲದಲ್ಲಿ ಹೆಣೆದದ್ದು. ಇದು ಎರಡು ವರ್ಷದ್ದು. ಹರಿದ ತುಂಡು ಬಿಚ್ಚುವುದು, ಹೊಸತು ಸೇರಿಸುವುದು. ಬಲೆ ಮಾತ್ರ ನನ್ನ ಮಾವನ ಕಾಲದ್ದು."

ಮೈಸೂರಿನವರೆಲ್ಲ ಕರಾವಳಿಗೆ ಬಂದರೆ ಭಟ್ರೇ ಆಗುತ್ತಾರೆ. ಅದನ್ನು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಎರಡು ವರ್ಷಕ್ಕಿಂತ ಹಳೆಯ ನೂಲೇ ಇಲ್ಲದ ಬಲೆ ಅವರ ಸೋದರಮಾವನ ಕಾಲದ್ದು ಹೇಗಾಗುತ್ತದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಆದರೆ ಪುಸ್ತಕದಲ್ಲಿ ಇಲ್ಲದ ಸಂಗತಿ ಅದೆಂಬುದು ಖಂಡಿತ. 'ಎಂದಿನಿಂದ' ಮುಗಿಯಿತೆಂದು ಸಂತೋಷಪಟ್ಟೆ.

"ನಾಳೆ ಬೆಳಿಗ್ಗೆ ಬನ್ನಿ. ಬಂಗುಡೆ ಕಂಡರೆ ಬಲೆ ಬಿಡ್ತೇವೆ," ಎಂದರು ಗುರಿಕಾರರು.

ಮರುದಿನ ನಾವು ಬೆಂಗ್ರೆ ಮುಟ್ಟುವಷ್ಟರಲ್ಲಿ ಬಲೆ ಹೊತ್ತ ದೋಣಿ ಕಡಲಿಗಿಳಿದಾಗಿತ್ತು. ಎತ್ತರದ ದಿಬ್ಬದ ಮೇಲೆ ನಿಂತ ಒಬ್ಬ, ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆಯೆಂದು ಬಟ್ಟೆ ಬೀಸಿ ತೋರಿಸುತ್ತಿದ್ದ. ದೋಣಿ ಅರ್ಧಚಂದ್ರದ ಆಕಾರದಲ್ಲಿ ಬಲೆ ಬಿಡುತ್ತ ಸುತ್ತಿಬಂತು. ಎರಡು ಕೊನೆಗಳ ಹಗ್ಗಗಳು ದಡಕ್ಕೆ ಬಂದವು. ಜನ ಓಡಿಬಂದು ಎರಡೂ ಹಗ್ಗಕ್ಕೆ ಸಾಲಾಗಿ ನಿಂತರು. ಸಂಜೀವ ಯಾರೋ ಪರಿಚಯದವರು ಕಂಡರೆಂದು ಇನ್ನೊಂದು ಹಗ್ಗದ ಕಡೆಗೆ ಹೋದ. ಹೋಗುವಾಗ, "ನೀನೂ ಹಗ್ಗ ಹಿಡಿ, ಖುಷಿ ಆಗ್ತದೆ," ಎಂದು ಕೂಗಿದ. ಎಲ್ಲಿ ಹಿಡಿಯಬೇಕೆಂದು ಹೇಳಲಿಲ್ಲ.

ನಾನು ಸಾಲನ್ನು ನೋಡಿದೆ. ಒಬ್ಬರಿಂದ ಒಬ್ಬರಿಗೆ ಅಳೆದಿಟ್ಟ ಹಾಗೆ ಒಂದೇ ಅಂತರ. ಸಾಲಿನ ಮಧ್ಯದಲ್ಲಿ ಮಾತ್ರ ಒಬ್ಬ ಆಳು ನಿಲ್ಲುವಷ್ಟು ಜಾಗ ಖಾಲಿ. ಗಣಿತದವನ ಕಣ್ಣಿಗೆ ಶ್ರೇಢಿಯಲ್ಲಿ ಒಂದು ಪದ ಬಿಟ್ಟುಹೋಗಿದ್ದರೆ ತಡೆಯಲಾಗುವುದಿಲ್ಲ. ಅದನ್ನು ತುಂಬಲೇಬೇಕು. ಪಂಚೆ ಮೇಲಕ್ಕೆ ಕಟ್ಟಿ ಹೋಗಿ ಆ ಜಾಗದಲ್ಲಿ ನಿಂತು ಹಗ್ಗ ಹಿಡಿದೆ. ಹಿಂದಿನವನು ಏನೋ ತುಳುವಿನಲ್ಲಿ ಹೇಳಿದ. ಉತ್ತೇಜನ ಕೊಡುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ 'ಹೈಲೇಸಾ' ಎಂದು ಕೂಗು ಎದ್ದಿತು. ಹಗ್ಗ ಬಿಗಿಯಿತು. ಆಮೇಲೆ ಯಾರಿಗೂ ಮಾತಾಡಲು ಪುರುಸೊತ್ತಿರಲಿಲ್ಲ.

ಎಳೆತ ಒಂದೂವರೆ ಗಂಟೆ ನಡೆಯಿತು. ಅಂಗೈ ಸುಲಿಯಿತು, ಹೆಗಲು ನನ್ನದಲ್ಲವೆನಿಸಿತು. ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಒಳಗೆ ಬಂಗುಡೆಗಳು ಬೆಳ್ಳಗೆ ಕುದಿಯುತ್ತಿದ್ದವು. ನಾನು ಎಲ್ಲರ ಜೊತೆ ಕೂಗಿದೆ. ಮೀನು ತಿನ್ನದ ನನಗೆ ಅಷ್ಟು ಮೀನು ಕಂಡು ಯಾಕೆ ಅಷ್ಟು ಸಂತೋಷವಾಯಿತೋ ದೇವರೇ ಬಲ್ಲ.

ಪಾಲು ಹಾಕುವುದು ಶುರುವಾಯಿತು. ಮರಳಿನ ಮೇಲೆ ಸಾಲಾಗಿ ಮೀನಿನ ಗುಡ್ಡೆಗಳು. ಒಬ್ಬ ಹೆಸರು ಕೂಗುತ್ತಿದ್ದ. ಕೂಗಿದವರು ಬಂದು ತಮ್ಮ ಗುಡ್ಡೆ ಬುಟ್ಟಿಗೆ ತುಂಬುತ್ತಿದ್ದರು. ಅರ್ಧ ಸಾಲು ಮುಗಿದಾಗ ಕೂಗುವವನು ಒಮ್ಮೆಲೇ ನಿಂತ. ಅವನೆದುರು ಬುಟ್ಟಿ ಹಿಡಿದು ಒಬ್ಬ ಮುದುಕಿ ನಿಂತಿದ್ದಳು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಗುರಿಕಾರರನ್ನು ನೋಡಿದ. ದಡದ ಮೇಲಿನ ಗದ್ದಲ ಇಳಿಯಿತು.

ಸಂಜೀವ ಓಡಿಬಂದ. "ಎಂತ ಮಾಡಿದ್ದು ಮಾರಾಯ ನೀನು! ಯಾರು ಬೇಕಾದರೂ ಹಿಡಿಯಲಿಕ್ಕೆ ಹಗ್ಗದ ಬಾಲದ ತುದಿ ಉಂಟಲ್ಲ. ಅದು ಬಿಟ್ಟು ದಾಮುವಿನ ಜಾಗ ಹಿಡಿದದ್ದು ಯಾಕೆ?"

ಸಂಗತಿ ಆಗ ತಿಳಿಯಿತು. ದಾಮು ಆ ಮುದುಕಿಯ, ಮುತ್ತಕ್ಕನ, ಒಬ್ಬನೇ ಮಗ. ಮುಂಬಯಿಗೆ ಹೋಗಿ ಹಡಗಿನಲ್ಲಿ ಕಲಾಸಿಯಾಗಿ ಸೇರಿದ್ದ. ಯುದ್ಧ ಶುರುವಾದ ಮೇಲೆ ಅವನ ಹಡಗು ಎಲ್ಲಿ ಹೋಯಿತೋ, ಸುದ್ದಿಯಿಲ್ಲ. ಸತ್ತನೆಂದು ಯಾರೂ ತಿಳಿಸಿಲ್ಲ. ಇದ್ದಾನೆಂದೂ ತಿಳಿಸಿಲ್ಲ. ಅವನು ನಿಲ್ಲುತ್ತಿದ್ದ ಜಾಗವನ್ನು ಬಲೆಯವರು ಖಾಲಿ ಬಿಟ್ಟುಕೊಂಡು ಬಂದಿದ್ದರು. ಎಳೆತ ಶುರುವಾಗುವಾಗ ಬಲೆಯ ಪ್ರತಿಯೊಬ್ಬ ಆಳಿಗೂ ಗೊತ್ತುಮಾಡಿದ ಜಾಗ, ಜಾಗಕ್ಕೆ ಒಂದು ಪಾಲು, ಇದು ಆ ಬಲೆಯ ಕಟ್ಟು, ಅಂದರೆ ಕಟ್ಟಳೆ. ಜಾಗ ಖಾಲಿಯಿರುವಷ್ಟು ದಿನ ಅದು ದಾಮುವಿನದು. ಪಾಲು ತಾಯಿಗೆ. ಇನ್ನೊಬ್ಬ ಬಂದು ನಿಂತರೆ ಜಾಗ ತುಂಬಿತು, ಪಾಲು ನಿಂತವನಿಗೆ.

ನಾನು ನಿಂತಿದ್ದೆ.

"ನನಗೆ ಮೀನು ಬೇಡ, ನಾನು ತಿನ್ನುವವನೂ ಅಲ್ಲ. ಎಲ್ಲ ಅವರಿಗೇ ಕೊಟ್ಟುಬಿಡಿ," ಎಂದೆ.

ಮುತ್ತಕ್ಕ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದಳು. ಪೇಟೆಯ ಮನೆಗಳಿಗೆ ಮೀನು ಹೊತ್ತು ಮಾರಿ ಕಲಿತ ಅವಳ ಕನ್ನಡ ಚೆನ್ನಾಗಿಯೇ ಇತ್ತು. "ನೀವು ಕೊಡುವುದು ನನಗೆ ಬೇಡ ಭಟ್ರೇ. ನನ್ನ ಮಗನ ಪಾಲಾದರೆ ತಗೊಳ್ತೇನೆ."

ಗುಂಪಿನಲ್ಲಿ ಒಬ್ಬ ನಡುವಯಸ್ಸಿನ ಗಂಡಸು ಗಂಟಲು ಸರಿಮಾಡಿಕೊಂಡ. ಅವನ ಭಾವಮೈದುನನೊಬ್ಬ ಬಲೆಗೆ ಸೇರಲು ಎರಡು ವರ್ಷದಿಂದ ಕಾದಿದ್ದನಂತೆ. ಈ ಗಂಡಸು ತುಳುವಿನಲ್ಲಿ ಹೇಳಿದ್ದನ್ನು ಸಂಜೀವ ಮೆಲ್ಲಗೆ ಕನ್ನಡದಲ್ಲಿ ಹೇಳಿದ: ಜಾಗ ತುಂಬಿತಲ್ಲ, ಇನ್ನು ಸುಮ್ಮನೆ ಖಾಲಿ ಇಡುವುದು ಎಂತಕ್ಕೆ? ನಾಳೆಯಿಂದ ಒಬ್ಬ ಆಳನ್ನು ಹಾಕಬಹುದು.

ಯಾರೂ ಅವನನ್ನು ಬೈಯಲಿಲ್ಲ. ಅವನು ಹೇಳಿದ್ದು ಬಲೆಯ ಕಟ್ಟಿನ ಪ್ರಕಾರ ಸರಿಯಾಗಿಯೇ ಇತ್ತು. ಆ ಕಟ್ಟು ಮುರಿದರೆ ಮುತ್ತಕ್ಕನಿಗೆ ಪಾಲು ಕೇಳುವ ಹಕ್ಕೂ ಇರುವುದಿಲ್ಲ. ಮುರಿಯದಿದ್ದರೆ ಆ ಪಾಲು ಇಂದೇ ಹೋಗುತ್ತದೆ. ಹೋಗುವುದು ಬರೀ ಮೀನಾಗಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಆ ದಡದಲ್ಲಿ ದಾಮು ಬದುಕಿದ್ದುದು ಆ ಒಂದು ಜಾಗದಲ್ಲಿ. ಅಲ್ಲಿ ಹೋಗಿ ನಾನು ನಿಂತಿದ್ದೆ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ.

ಗುರಿಕಾರರು ಹೆಗಲ ವಸ್ತ್ರ ಸರಿಮಾಡಿಕೊಂಡು ಕನ್ನಡದಲ್ಲೇ ಮಾತಾಡಿದರು.

"ಬಲೆಯ ಆಳಿಗೆ ಜ್ವರ ಬಂದರೆ ಮನೆಯವರು ಬದಲಾಳನ್ನು ಕಳಿಸುವುದುಂಟು. ಬದಲಾಳು ನಿಂತರೆ ಜಾಗ ತುಂಬಿದ ಹಾಗಲ್ಲ. ಅವನು ಬದಲಾಳು ಅಂತ ತಿಳಿಯುವುದು ಹೇಗೆ? ಆ ಮನೆಯ ಗಂಜಿ ಕುಡಿದಿರಬೇಕು. ಇದು ನಮ್ಮ ಮಾವಂದಿರ ಕಾಲದಿಂದ ಇದ್ದದ್ದು." ಆಮೇಲೆ ನನ್ನ ಕಡೆ ತಿರುಗಿದರು. "ಭಟ್ರೇ, ಇವತ್ತು ನೀವು ಯಾರ ಮನೆಯ ಗಂಜಿ ಕುಡಿದಿರಿ ಅಂತ ನಾನು ಕೇಳ್ತಾ ಇದ್ದೇನೆ. ಉತ್ತರ ಈಗಲೇ ಬೇಕಂತ ಇಲ್ಲ. ಪಾಲು ಹಾಕಿ ಮುಗಿಯಲಿಕ್ಕೆ ಇನ್ನೂ ಹೊತ್ತು ಉಂಟು."

ಕೂಗುವವನಿಗೆ ಕೈಸನ್ನೆ ಮಾಡಿದರು. ಅವನು ಆ ಗುಡ್ಡೆ ಬಿಟ್ಟು ಮುಂದಿನ ಹೆಸರು ಕೂಗಿದ. ಮುತ್ತಕ್ಕ ಖಾಲಿ ಬುಟ್ಟಿ ಹಿಡಿದು ತೆಂಗಿನ ಮರಗಳ ಕಡೆ ನಡೆದಳು. ಸಂಜೀವ ನನ್ನ ಮುಖ ನೋಡಿದ. ನಾನು ಅಜ್ಜಿಗೆ ಕೊಟ್ಟ ಮಾತು ಅವನಿಗೆ ಗೊತ್ತಿತ್ತು. "ನಾನು ಎಂತದೂ ಹೇಳುವುದಿಲ್ಲ, ಮಾರಾಯ," ಎಂದು ಮರಳಿನ ಮೇಲೆ ಕೂತುಬಿಟ್ಟ.

ನಾನು ಮುತ್ತಕ್ಕನ ಹಿಂದೆ ಹೋದೆ. ತೆಂಗಿನ ಮಡಲು ಹೊದಿಸಿದ ಮನೆ, ಸಗಣಿ ಸಾರಿಸಿದ ಜಗಲಿ. ಅವಳು ಮೊದಲು ಮಾಡಿದ್ದು ಜಗಲಿಯಲ್ಲಿ ಒಣಗಲಿಟ್ಟಿದ್ದ ಮೀನಿನ ಚಾಪೆಯನ್ನು ಸುತ್ತಿ ಹಿತ್ತಲಿಗೆ ಒಯ್ದದ್ದು. ಆಮೇಲೆ ಮಣೆ ಹಾಕಿದಳು. ಗಂಜಿಯ ಮಡಕೆ ತಂದವಳು ಬಡಿಸದೆ ನಿಂತಳು.

"ನಾವು ಮೀನಿನವರು ಭಟ್ರೇ. ಇದು ಕುಡಿದರೆ ನಿಮಗೆ ಪಾಪ ಬರ್ತದಾ? ಬರುವುದಾದರೆ ಬೇಡ. ಒಬ್ಬ ತಾಯಿಯ ಮಗನನ್ನು ಉಳಿಸಲಿಕ್ಕೆ ಇನ್ನೊಬ್ಬ ತಾಯಿಯ ಮಗನನ್ನು ಕೆಡಿಸಿದೆ ಅಂತ ನನಗೆ ಬೇಡ."

ಪಾಪ ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಜ್ಜಿಯ ಮುಖ ಮಾತ್ರ ಚೆನ್ನಾಗಿ ಗೊತ್ತಿತ್ತು. "ಬಡಿಸಿ," ಎಂದೆ.

ಕುಚ್ಚಲಕ್ಕಿಯ ಗಂಜಿ, ಒಂದು ಕಲ್ಲು ಉಪ್ಪು, ಉಪ್ಪಿನಲ್ಲಿ ಹಾಕಿಟ್ಟ ಒಂದು ಮಾವಿನ ಮಿಡಿ. ರೇಷನ್ನಿನ ಅಕ್ಕಿಯಾದ್ದರಿಂದ ತಿಳಿಯೇ ಹೆಚ್ಚು. ಆದರೆ ತಳದಲ್ಲಿದ್ದ ಅನ್ನವನ್ನೆಲ್ಲ ಸೌಟಿನಿಂದ ಕೆದಕಿ ನನಗೇ ಹಾಕಿದಳು. ಮೊದಲ ಗುಟುಕು ಧೈರ್ಯದಲ್ಲಿ ಇಳಿಯಿತು. ಮನೆಯ ತುಂಬ ಮೀನಿನ ವಾಸನೆ. ಉಳಿದದ್ದನ್ನು ಮಿಡಿ ಕಚ್ಚಿಕೊಂಡು ಹೇಗೋ ಕುಡಿದೆ. ಅವಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ದಾಮುವೂ ಹೀಗೇ. ಮಿಡಿ ಕಚ್ಚಿಕೊಂಡೇ ಕುಡಿಯುವುದು," ಎಂದಳು. "ಅವನು ಬಂದರೆ ಹೇಳ್ತೇನೆ, ನಿನ್ನ ಬದಲಿಗೆ ಮೈಸೂರಿನ ಭಟ್ರು ಹಗ್ಗ ಎಳೆದರು ಅಂತ. ನಂಬುವುದಿಲ್ಲ ಅವನು. ನಗ್ತಾನೆ." ಹೇಳಿ ತಾನೇ ನಕ್ಕಳು.

ನನ್ನ ಎರಡನೆಯ ಪ್ರಶ್ನೆ ಆಗ ಬಾಯಿತನಕ ಬಂತು. ಬಲೆಯವರು ಈ ಜಾಗವನ್ನು ಎಂದಿನವರೆಗೆ ಹೀಗೆ ಬಿಡುತ್ತಾರೆ? ಅದಕ್ಕೇನಾದರೂ ಅವಧಿ ಉಂಟೇ? ಪ್ರಬಂಧಕ್ಕೆ ಅದೇ ಮುಖ್ಯ. ಉತ್ತರ ಗೊತ್ತಿರಬಹುದಾದವಳು ಎದುರಿಗೇ ಇದ್ದಳು. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ನಾನು ಪ್ರಶ್ನೆಯನ್ನು ನುಂಗಿಕೊಂಡು ಅದನ್ನೂ ಕುಡಿದೆ.

ದಡಕ್ಕೆ ವಾಪಸು ಬಂದಾಗ ಒಂದೇ ಗುಡ್ಡೆ ಉಳಿದಿತ್ತು. ಜನ ಯಾರೂ ಹೋಗಿರಲಿಲ್ಲ. ಗುರಿಕಾರರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು.

"ಮುತ್ತಕ್ಕನ ಮನೆಯ ಗಂಜಿ," ಎಂದೆ.

"ನೀನು ಇವರನ್ನು ಕಳಿಸಿದ್ದು ಹೌದಾ?" ಎಂದು ಮುತ್ತಕ್ಕನನ್ನು ಕೇಳಿದರು.

"ಈಗ ನಮ್ಮ ಮನೆಯಿಂದಲೇ ಬಂದದ್ದು," ಎಂದಳು ಮುತ್ತಕ್ಕ.

ಭಾವಮೈದುನನ ಪರವಾಗಿ ಮಾತಾಡಿದ್ದವನು, "ಕುಡಿದದ್ದು ಎಷ್ಟು ಹೊತ್ತಿಗೆ ಅಂತ ಕೇಳಿ," ಎಂದ. ಇದನ್ನು ನನಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದ.

ಗುರಿಕಾರರು ಅವನನ್ನೇ ನೋಡಿದರು. "ಹೊತ್ತು ನಮ್ಮ ಕಟ್ಟಿನಲ್ಲಿ ಇಲ್ಲ. ಗಂಜಿ ಉಂಟು."

ಅವನೂ ಕೆಟ್ಟವನಲ್ಲ. ಆಗಲಿ ಎಂದು ತಲೆಯಾಡಿಸಿದ. ಕೂಗುವವನು ಗಂಟಲೆತ್ತಿ, "ದಾಮೂ!" ಎಂದು ಕೂಗಿದ. ಹೊಳೆಯಾಚೆಯ ಬಂದರಿಗೂ ಕೇಳಿಸುವ ಹಾಗೆ ಕೂಗಿದ. ಮುತ್ತಕ್ಕ ಹೋಗಿ ಬಂಗುಡೆಗಳನ್ನು ಬುಟ್ಟಿಗೆ ತುಂಬಿಕೊಂಡಳು. ಸಂಜೀವ ಅಳುತ್ತಿದ್ದ. ನಾನೂ ಅತ್ತೆ.

ಮೊದಲು ಹಗ್ಗ, ಆಮೇಲೆ ಗಂಜಿ. ನಡೆದದ್ದು ಈ ಕ್ರಮದಲ್ಲಿ. ಗಣಿತದಲ್ಲಾದರೆ ಸಾಧನೆಯ ಎರಡು ಹಂತಗಳನ್ನು ಹೀಗೆ ಅದಲುಬದಲು ಮಾಡಿದವನಿಗೆ ಸೊನ್ನೆ. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ನಿಜವಾದ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದರು, ಅಷ್ಟೇ. ದಡದ ಮೇಲಿದ್ದ ನೂರು ಜನ ಅದಕ್ಕೆ ಸಾಕ್ಷಿಯಾಗಲು ಕಾದು ನಿಂತಿದ್ದರು. ನಾನು ಓದಿದ್ದ ಇತಿಹಾಸದ ಪುಸ್ತಕದಲ್ಲಿ ಹೀಗೆ ಎಷ್ಟು ಕಡೆ ಗಂಜಿ ಆಮೇಲೆ ಕುಡಿದದ್ದು ಇರಬಹುದೆಂದು ಯೋಚಿಸುತ್ತ ಹೊಳೆ ದಾಟಿದೆ. ಆ ವಿಷಯದ ಮೇಲೆ ನನಗೆ ಮರ್ಯಾದೆ ಹುಟ್ಟಿದ್ದು ಆ ದೋಣಿಯಲ್ಲಿ.

ಆ ರಾತ್ರಿ ರಥಬೀದಿಯ ಹೋಟೆಲಿಗೆ ಹೋಗಲಿಲ್ಲ. ಸಂಜೀವನ ತಾಯಿಯನ್ನು, "ನಿಮ್ಮಲ್ಲಿ ಊಟ ಮಾಡಬಹುದೇ?" ಎಂದು ಕೇಳಿದೆ. ಅವರು ಒಂದೂ ಪ್ರಶ್ನೆ ಕೇಳದೆ ನೀರುದೋಸೆ ಮಾಡಿಹಾಕಿದರು. ತೆಂಗಿನಕಾಯಿ, ಬೆಲ್ಲದ ಜೊತೆ ಎಷ್ಟು ತಿಂದೆನೆಂದು ಲೆಕ್ಕವಿಡಲಿಲ್ಲ.

ಹೊರಡುವ ಹಿಂದಿನ ದಿನ ಇನ್ನೊಮ್ಮೆ ಬೆಂಗ್ರೆಗೆ ಹೋಗಿ ದಿಬ್ಬದ ಮೇಲೆ ದೂರವಾಗಿ ಕೂತೆ. ಅಂದೂ ಬಲೆ ಬಿಟ್ಟರು. ಜನ ಓಡಿಬಂದು ಹಗ್ಗಕ್ಕೆ ನಿಂತರು. ಮಧ್ಯದಲ್ಲಿ ಒಬ್ಬ ಆಳಿನಷ್ಟು ಜಾಗ ಬಿಟ್ಟಿದ್ದರು. ಅದರ ಹಿಂದಿದ್ದವನು ಹಗ್ಗ ಹಿಡಿಯುವ ಮುಂಚೆ ಸುತ್ತ ನೋಡಿದ. ನಾನು ಎಲ್ಲಿದ್ದೇನೆಂದು ಹುಡುಕುತ್ತಿದ್ದನೆಂದು ಕಾಣುತ್ತದೆ. ದಿಬ್ಬದ ಮೇಲೆ ಕಂಡು ಕೈಯೆತ್ತಿ ನಕ್ಕ. ನಾನೂ ಕೈಯೆತ್ತಿದೆ. ಗುರಿಕಾರರಿಗೆ ಕೈಮುಗಿದು ಹೊರಟಾಗ ಅವರು, "ಹೋಗಿ ಬನ್ನಿ, ಬದಲಾಳೇ," ಎಂದರು.

ವಾಪಸು ಬರುವಾಗ ಘಾಟಿಯ ಏರು ಇನ್ನೂ ಕಷ್ಟದ್ದು. ಸಂಪಾಜೆಯಿಂದ ಮಡಿಕೇರಿಯವರೆಗೆ ಬಸ್ಸಿನಲ್ಲಿ ಕೂತದ್ದಕ್ಕಿಂತ ಅದರ ಹಿಂದೆ ನಡೆದದ್ದೇ ಹೆಚ್ಚು. ಮನೆ ಸೇರಿದ ದಿನವೇ ಅಜ್ಜಿಗೆ ಹೇಳಿಬಿಟ್ಟೆ. ಹೇಳದೆ ಇದ್ದರೆ ನಡೆಯುತ್ತಿತ್ತು. ಆದರೆ ಮುತ್ತಕ್ಕನ ಗಂಜಿಯನ್ನು ಬಚ್ಚಿಡಲು ಮನಸ್ಸಾಗಲಿಲ್ಲ. ಅಪ್ಪ ಪುರೋಹಿತರನ್ನು ಕರೆಸಿ ನನಗೆ ಹೊಸ ಜನಿವಾರ ಹಾಕಿಸಿದರು. ಅಜ್ಜಿ ಸಂಕ್ರಾಂತಿಯವರೆಗೆ ಮಾತಾಡಲಿಲ್ಲ. ಮಾತಾಡಿದ ದಿನ ಮೊದಲು ಕೇಳಿದ್ದು, "ಆ ಹುಡುಗನ ಸುದ್ದಿ ಏನಾದರೂ ಬಂತೇನೋ?" ಎಂದು.

ಪ್ರಬಂಧ ಬರೆದೆ. ಬಲೆಯ ತುಂಡುಗಳು, ಪಾಲಿನ ಲೆಕ್ಕ, ಬದಲಾಳಿನ ಪದ್ಧತಿ ಎಲ್ಲ ಬರೆದೆ. ಕಾಣೆಯಾದವನ ಜಾಗ ಖಾಲಿ ಬಿಡುತ್ತಾರೆ, ಪಾಲು ಮನೆಗೆ ಸಲ್ಲುತ್ತದೆ ಎಂದೂ ಒಂದು ಪ್ಯಾರಾ ಬರೆದೆ. ಹೆಸರು ಹಾಕಲಿಲ್ಲ. ಮೇಷ್ಟ್ರು ತಮ್ಮ ಕೋಣೆಯಲ್ಲಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಪೂರ್ತಿ ಓದಿದರು. ಓದುತ್ತ ಓದುತ್ತ ಎರಡು ಸಲ ತಲೆದೂಗಿದರು. ಆ ಪ್ಯಾರಾಕ್ಕೆ ಬಂದು ನಿಂತರು.

"ಖಾಲಿ ಬಿಡುತ್ತಾರೆ ಅಂದಿದ್ದೀಯ. ಎಂದಿನವರೆಗೆ?"

"ಕೇಳಲಿಲ್ಲ, ಸರ್."

"ಇತಿಹಾಸದ ವಿದ್ಯಾರ್ಥಿಯಾದವನು ಅದನ್ನು ಕೇಳದೆ ಎದ್ದು ಬರುತ್ತಾನೇನಯ್ಯ?"

"ಅದಕ್ಕೇ ಸರ್, ನನಗೆ ಅದು ಮೈನರ್ ವಿಷಯ," ಎಂದೆ.

ಅವರು ನಗಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಪಾಸಿಗೆ ಬೇಕಾದಷ್ಟು ಅಂಕ ಹಾಕಿದರು. ಅಂಚಿನಲ್ಲಿ ಕೆಂಪು ಮಸಿಯಲ್ಲಿ 'ಎಂದಿನವರೆಗೆ?' ಎಂದು ಬರೆದು, ತಿಳಿದುಕೊಂಡು ಇದರ ಕೆಳಗೆ ತುಂಬು ಎಂದು ಪ್ರಬಂಧವನ್ನು ಹಿಂದಕ್ಕೆ ಕೊಟ್ಟರು. ಆ ಪ್ರಬಂಧ ಈಗಲೂ ನನ್ನ ಬಳಿ ಇದೆ. ಸಂಜೀವ ಮಂಗಳೂರಿನಿಂದ ಎಷ್ಟೋ ಕಾಗದ ಬರೆದಿದ್ದಾನೆ, ನಾನು ಈ ಒಂದು ಪ್ರಶ್ನೆಯನ್ನು ಕೇಳಿಲ್ಲ, ಅವನೂ ಹೇಳಿಲ್ಲ. ಕೆಂಪು ಮಸಿಯ ಕೆಳಗಿನ ಜಾಗವನ್ನು ನಾನು ಖಾಲಿ ಬಿಟ್ಟಿದ್ದೇನೆ.